ವೈಫೈ ಕಂಡುಹಿಡಿದದ್ದು ಹಾಲಿವುಡ್ ನಟಿಯೇ? ಹೆಡಿ ಲಮಾರ್ ಬದುಕಿನ ಅಸಲಿ ಕಥೆ

ಒಂದು ಕಪ್ಪುಬಿಳುಪು ಫೋಟೋ. ನಡುಬೈತಲೆ ತೆಗೆದ ಕಪ್ಪು ಕೂದಲಿನ ಸುಂದರಿ. ಕೆಳಗೆ ನಾಲ್ಕು ಸಾಲು: ನೀವು ದಿನವೂ ಬಳಸುವ ವೈಫೈ, ಬ್ಲೂಟೂತ್, ಜಿಪಿಎಸ್ ಮೂರನ್ನೂ ಕಂಡುಹಿಡಿದದ್ದು ಈ ಸಿನಿಮಾ ನಟಿ, ಆದರೆ ಜಗತ್ತು ಆಕೆಯನ್ನು ಮೋಸ ಮಾಡಿತು, ಎಲ್ಲರಿಗೂ ಶೇರ್ ಮಾಡಿ. ನಿಮ್ಮ ಫ್ಯಾಮಿಲಿ ಗ್ರೂಪಿಗೋ ಕಾಲೇಜು ಗೆಳೆಯರ ಗ್ರೂಪಿಗೋ ಈ ಫಾರ್ವರ್ಡ್ ಒಮ್ಮೆಯಾದರೂ ಬಂದಿರಬಹುದು.

ಇದು ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಿತ್ತು, ಸುಳ್ಳು ಎಂದು ಬರೆದು ಮುಗಿಸುತ್ತಿದ್ದೆವು. ಆದರೆ ಇದರೊಳಗೆ ಒಂದು ನಿಜ ಇದೆ, ದಾಖಲೆಯೂ ಇದೆ. ಆ ನಿಜಕ್ಕೆ ಅಂಟಿಕೊಂಡಿರುವ ಬಣ್ಣವನ್ನು ಕೆರೆದು ನೋಡಬೇಕೆಂದರೆ ಹೆಡಿ ಲಮಾರ್ ಯಾರು, ಆಕೆ ಎಂಥ ಜಾಗದಲ್ಲಿ ಕೆಲಸ ಮಾಡುತ್ತಿದ್ದಳು ಎಂಬುದರಿಂದಲೇ ಶುರು ಮಾಡಬೇಕು.

ಆಕೆ ಹುಟ್ಟಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ, 1914ರ ನವೆಂಬರ್ 9ರಂದು. ಹೆತ್ತವರು ಇಟ್ಟ ಹೆಸರು ಹೆಡ್ವಿಗ್ ಈವಾ ಮರಿಯಾ ಕೀಸ್ಲರ್. ಯಹೂದಿ ಮೂಲದ ಅನುಕೂಲಸ್ಥ ಕುಟುಂಬ. ಅಪ್ಪ ಎಮಿಲ್ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಅಮ್ಮ ಪಿಯಾನೊ ಕಲಿತವರು. ಅಪ್ಪನ ಜೊತೆ ವಾಕಿಂಗ್ ಹೋಗುವಾಗ ಟ್ರಾಮು ಹೇಗೆ ಓಡುತ್ತದೆ, ಅಚ್ಚಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದೆಲ್ಲ ಅವರು ಬಿಡಿಸಿ ಹೇಳುತ್ತಿದ್ದರಂತೆ. ಯಂತ್ರಗಳ ಮೇಲಿನ ಕುತೂಹಲ ಅಲ್ಲಿಂದ ಬಂದದ್ದು ಎಂದು ಆಕೆಯೇ ಮುಂದೆ ನೆನೆಸಿಕೊಂಡಿದ್ದಾಳೆ. ಎಂಜಿನಿಯರಿಂಗ್ ಮಾತ್ರ ಎಂದೂ ಓದಲಿಲ್ಲ. ಹದಿಹರೆಯದಲ್ಲೇ ಓದು ಬಿಟ್ಟು ಸಿನಿಮಾ, ನಾಟಕದ ಕಡೆ ನಡೆದಳು.

1933ರಲ್ಲಿ ತೆರೆಕಂಡ ಎಕ್ಸ್ಟಸಿ ಎಂಬ ಚೆಕ್ ಚಿತ್ರ ಆಕೆಗೆ ಹೆಸರನ್ನೂ ಕೊಟ್ಟಿತು, ಕೆಟ್ಟ ಹೆಸರನ್ನೂ ಕೊಟ್ಟಿತು. ಅದರ ಕೆಲವು ದೃಶ್ಯಗಳು ಯುರೋಪಿನಲ್ಲಿ ಗದ್ದಲ ಎಬ್ಬಿಸಿದವು. ಅಮೆರಿಕದ ಕಸ್ಟಮ್ಸ್ ಚಿತ್ರವನ್ನು ತಡೆಹಿಡಿಯಿತು. ಅದೇ ವರ್ಷ ಆಕೆ ಫ್ರಿಟ್ಜ್ ಮಾಂಡ್ಲ್ ಎಂಬ ಶಸ್ತ್ರಾಸ್ತ್ರ ಕಾರ್ಖಾನೆಯ ಒಡೆಯನನ್ನು ಮದುವೆಯಾದಳು. ಭಾರೀ ಶ್ರೀಮಂತ, ಅಷ್ಟೇ ಭಾರೀ ಸಂಶಯದ ಗಂಡ. ಹೆಂಡತಿಯ ಆ ಸಿನಿಮಾದ ಪ್ರತಿಗಳನ್ನು ಜಗತ್ತಿನಿಂದಲೇ ಇಲ್ಲವಾಗಿಸಲು ಹಣ ಸುರಿದವನು. ಆಕೆಯ ನಟನೆಗೂ ಅಲ್ಲಿಗೆ ತಡೆ ಬಿತ್ತು. 1937ರಲ್ಲಿ ಆಕೆ ಆ ಮನೆ ಬಿಟ್ಟು ಹೊರಟಳು. ಕೆಲಸದವಳ ವೇಷ ಹಾಕಿಕೊಂಡು, ಒಡವೆಗಳನ್ನು ಬಟ್ಟೆಯಲ್ಲಿ ಹೊಲಿದುಕೊಂಡು ರಾತ್ರೋರಾತ್ರಿ ಓಡಿದಳು ಎಂಬ ರೋಚಕ ಕಥೆಗೆ ಹಲವು ರೂಪಗಳಿವೆ. ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ನಾವು ಅದನ್ನು ಬದಿಗಿಡುತ್ತೇವೆ.

ಲಂಡನ್ನಿನಲ್ಲಿ ಆಕೆಗೆ ಸಿಕ್ಕವನು ಲೂಯಿ ಬಿ. ಮೇಯರ್. ಹಾಲಿವುಡ್ಡಿನ ಅತಿ ದೊಡ್ಡ ಸ್ಟುಡಿಯೊ ಎಂಜಿಎಂನ ಯಜಮಾನ. ವಾರಕ್ಕೆ 125 ಡಾಲರ್ ಕೊಡುತ್ತೇನೆ ಎಂದ. ಕೈಯಲ್ಲಿ ಬೇರೆ ಕೆಲಸವಿಲ್ಲದಿದ್ದರೂ ಆಕೆ ಒಪ್ಪಲಿಲ್ಲ. ಬದಲಿಗೆ ಅವನು ಅಮೆರಿಕಕ್ಕೆ ಮರಳುತ್ತಿದ್ದ ನಾರ್ಮಂಡಿ ಹಡಗಿಗೇ ತಾನೂ ಟಿಕೆಟ್ ಮಾಡಿಸಿದಳು. ಹಡಗು ನ್ಯೂಯಾರ್ಕ್ ಮುಟ್ಟುವ ಹೊತ್ತಿಗೆ ವಾರಕ್ಕೆ 500 ಡಾಲರಿನ ಒಪ್ಪಂದ ಆಕೆಯ ಕೈಯಲ್ಲಿತ್ತು, ಜೊತೆಗೆ ಹೊಸ ಹೆಸರೂ ಇತ್ತು. 1926ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೂಕಿ ಚಿತ್ರಗಳ ನಟಿ ಬಾರ್ಬರಾ ಲಾ ಮಾರ್ ಹೆಸರಿನಿಂದ ತೆಗೆದುಕೊಂಡ ಲಮಾರ್.

ಸ್ಟುಡಿಯೊ ಎಂಬ ಕಾರ್ಖಾನೆ

ಇವತ್ತಿನ ಸಿನಿಮಾ ತಾರೆಯರಿಗೂ ಅಂದಿನ ತಾರೆಯರಿಗೂ ಹೋಲಿಕೆಯೇ ಇಲ್ಲ. 1930 ಮತ್ತು 40ರ ದಶಕದ ಹಾಲಿವುಡ್‌ನಲ್ಲಿ ನಟಿ ಎಂದರೆ ಸಂಬಳದ ನೌಕರಳು. ಸಾಮಾನ್ಯವಾಗಿ ಏಳು ವರ್ಷದ ಒಪ್ಪಂದ. ಯಾವ ಸಿನಿಮಾ, ಯಾವ ಪಾತ್ರ, ಯಾವ ಹೇರ್‌ಸ್ಟೈಲ್, ಪತ್ರಿಕೆಗೆ ಯಾವ ಸುದ್ದಿ ಎಂಬುದನ್ನೆಲ್ಲ ಸ್ಟುಡಿಯೊ ತೀರ್ಮಾನಿಸುತ್ತಿತ್ತು. ಪಾತ್ರ ಬೇಡವೆಂದರೆ ಸಂಬಳವಿಲ್ಲದ ಅಮಾನತು, ಆ ಅಮಾನತಿನ ದಿನಗಳನ್ನು ಒಪ್ಪಂದದ ಕೊನೆಗೆ ಮತ್ತೆ ಸೇರಿಸುವುದು. ಒಲಿವಿಯಾ ಡಿ ಹ್ಯಾವಿಲೆಂಡ್ ಎಂಬ ನಟಿ ಕೋರ್ಟಿಗೆ ಹೋಗಿ 1944ರಲ್ಲಿ ಗೆಲ್ಲುವ ತನಕ ಈ ಲೆಕ್ಕಾಚಾರ ಹೀಗೇ ನಡೆದಿತ್ತು. ಇಷ್ಟೇ ಅಲ್ಲ, ಒಂದು ಸ್ಟುಡಿಯೊ ತನ್ನ ನಟಿಯನ್ನು ಇನ್ನೊಂದು ಕಂಪನಿಗೆ ಬಾಡಿಗೆಗೂ ಕೊಡುತ್ತಿತ್ತು.

ಹೆಡಿಯ ಮೊದಲ ಹಾಲಿವುಡ್ ಗೆಲುವು ಇಂಥ ಬಾಡಿಗೆಯಿಂದಲೇ ಬಂದದ್ದು. ಎಂಜಿಎಂ ಆಕೆಯನ್ನು ಕರೆತಂದು ಏನು ಮಾಡಬೇಕೆಂದು ತೋಚದೆ ಕೂರಿಸಿತ್ತು. ನಿರ್ಮಾಪಕ ವಾಲ್ಟರ್ ವೇಂಜರ್ 1938ರಲ್ಲಿ ಅಲ್ಜಿಯರ್ಸ್ ಚಿತ್ರಕ್ಕೆ ಕೇಳಿ ಪಡೆದ. ಚಾರ್ಲ್ಸ್ ಬೋಯರ್ ನಾಯಕ. ಚಿತ್ರ ಓಡಿತು, ಆಕೆಯ ನಡುಬೈತಲೆ ಒಂದು ಫ್ಯಾಷನ್ನೇ ಆಯಿತು. ಅಲ್ಲಿವರೆಗೆ ಹೊಂಬಣ್ಣದ ಕೂದಲಿನವಳಾಗಿದ್ದ ನಟಿ ಜೋನ್ ಬೆನೆಟ್ ಕೂಡ ಕೂದಲು ಕಪ್ಪು ಮಾಡಿಕೊಂಡು ಥೇಟ್ ಹೆಡಿಯಂತೆಯೇ ಕಾಣತೊಡಗಿದಳು.

ಎಂಜಿಎಂ ಈಗ ಎಚ್ಚೆತ್ತಿತು. ಜಗತ್ತಿನ ಅತಿ ಸುಂದರ ಹೆಣ್ಣು ಎಂಬ ಹಣೆಪಟ್ಟಿ ಅಂಟಿಸಿತು. ಆ ಹಣೆಪಟ್ಟಿಯೇ ಆಕೆಯ ತೊಂದರೆಯೂ ಆಯಿತು. 1940ರ ಬೂಮ್ ಟೌನ್‌ನಲ್ಲಿ ಕ್ಲಾರ್ಕ್ ಗೇಬಲ್, ಸ್ಪೆನ್ಸರ್ ಟ್ರೇಸಿ ಜೊತೆ, 1941ರ ಜೀಗ್‌ಫೆಲ್ಡ್ ಗರ್ಲ್‌ನಲ್ಲಿ ಜೂಡಿ ಗಾರ್ಲೆಂಡ್, ಲಾನಾ ಟರ್ನರ್ ಜೊತೆ. ದೊಡ್ಡ ಚಿತ್ರಗಳೇ, ಆದರೆ ಹಲವು ಕಡೆ ಆಕೆಯ ಕೆಲಸ ಮೆಟ್ಟಿಲಿಳಿದು ಬಂದು ನಿಲ್ಲುವುದು. 1942ರ ವೈಟ್ ಕಾರ್ಗೊದಲ್ಲಂತೂ ಮೈಗೆಲ್ಲ ಕಂದು ಬಣ್ಣ ಬಳಿದು ಟೊಂಡೆಲಾಯೊ ಎಂಬ ಮೋಹಿನಿಯ ಪಾತ್ರ ಕೊಟ್ಟರು. ಇವತ್ತು ನೋಡಿದರೆ ಮುಜುಗರವಾಗುತ್ತದೆ.

ಹಾಗೆಂದು ಆಕೆಗೆ ನಟನೆ ಬರುತ್ತಿರಲಿಲ್ಲ ಎಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ. ಕಿಂಗ್ ವಿಡೋರ್ ನಿರ್ದೇಶನದ ಎಚ್.ಎಂ. ಪುಲ್ಹಮ್, ಎಸ್ಕ್ವೈರ್ ಎಂಬ 1941ರ ಚಿತ್ರವನ್ನು ಒಮ್ಮೆ ನೋಡಿ. ಜಾಹೀರಾತು ಕಂಪನಿಯಲ್ಲಿ ದುಡಿಯುವ, ಪ್ರೀತಿಗಾಗಿ ತನ್ನ ಬದುಕನ್ನು ಬಿಟ್ಟುಕೊಡಲು ಒಲ್ಲದ ಹುಡುಗಿಯ ಪಾತ್ರ. ಮೋಹಿನಿ ಅಲ್ಲ, ಮನುಷ್ಯಳು. ಕೊಟ್ಟಿದ್ದರೆ ಮಾಡುತ್ತಿದ್ದಳು. ಕೊಟ್ಟದ್ದು ಕಡಿಮೆ.

ಪಿಯಾನೊ ಸುರುಳಿ ಮತ್ತು ಟಾರ್ಪಿಡೊ

ಪಾರ್ಟಿಗಳಿಗೆ ಅಷ್ಟಾಗಿ ಹೋಗದ ಆಕೆ ಮನೆಯಲ್ಲಿ ಒಂದು ಡ್ರಾಯಿಂಗ್ ಮೇಜು ಇಟ್ಟುಕೊಂಡಿದ್ದಳು. ಬಿಡುವು ಸಿಕ್ಕಾಗ ಏನಾದರೊಂದು ಹೊಸ ವಸ್ತುವಿನ ಯೋಚನೆ. ನೀರಿಗೆ ಹಾಕಿದರೆ ಕೋಲಾ ಆಗುವ ಮಾತ್ರೆ ಮಾಡಲು ಹೊರಟದ್ದೂ ಉಂಟು. ಅದು ಕೈಕೊಟ್ಟಿತು.

1940ರಲ್ಲಿ ಆಕೆಗೆ ಜಾರ್ಜ್ ಆಂಥೈಲ್ ಎಂಬ ಸಂಗೀತ ಸಂಯೋಜಕನ ಪರಿಚಯವಾಯಿತು. ಈ ಹೆಸರನ್ನು ದಯವಿಟ್ಟು ನೆನಪಿಡಿ, ಏಕೆಂದರೆ ಫಾರ್ವರ್ಡುಗಳಲ್ಲಿ ಇದು ಬರುವುದೇ ಇಲ್ಲ. ಅಂದಹಾಗೆ ಪರಿಚಯಕ್ಕೆ ನೆಪವಾದದ್ದು ಸಂಗೀತವಲ್ಲ. ದೇಹದ ಗ್ರಂಥಿಗಳನ್ನು ನೋಡಿ ಮನುಷ್ಯನ ಸ್ವಭಾವ ಹೇಳಬಹುದು, ಅಪರಾಧಿಯನ್ನೂ ಹಿಡಿಯಬಹುದು ಎಂದು ಆಂಥೈಲ್ ಲೇಖನ, ಪುಸ್ತಕ ಬರೆದಿದ್ದ. ಹೆಡಿಗೆ ಅದರ ಬಗ್ಗೆ ಕೇಳುವುದಿತ್ತು. ಆ ಬರಹಗಳು ಇಂದು ಬಂದಿದ್ದರೆ ನಮ್ಮ ಸೈಟಿನಲ್ಲಿ ಖಂಡಿತ ಸುಳ್ಳು ಎಂಬ ಮುದ್ರೆ ಬೀಳುತ್ತಿತ್ತು!

ಮಾತು ಯುದ್ಧದ ಕಡೆ ತಿರುಗಿತು. ಆ ವರ್ಷದ ಸೆಪ್ಟೆಂಬರ್ 17ರಂದು ಬ್ರಿಟನ್ನಿನಿಂದ ಕೆನಡಾಕ್ಕೆ ಮಕ್ಕಳನ್ನು ಸುರಕ್ಷಿತವಾಗಿ ಸಾಗಿಸುತ್ತಿದ್ದ ಸಿಟಿ ಆಫ್ ಬನಾರಸ್ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತ್ತು. ಹಾಗೆ ಕಳಿಸಿದ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ಹೆಡಿಯ ತಾಯಿ ಇನ್ನೂ ಅಟ್ಲಾಂಟಿಕ್‌ನ ಆಚೆ ದಡದಲ್ಲಿದ್ದಳು, ಅದೇ ಸಮುದ್ರ ದಾಟಿ ಬರಬೇಕಿತ್ತು. ಶತ್ರುವಿನ ಹಡಗುಗಳನ್ನು ಗುರಿ ತಪ್ಪದಂತೆ ಹೊಡೆಯುವ ಟಾರ್ಪಿಡೊ ಹೇಗೆ ಮಾಡುವುದು ಎಂಬುದು ಇಬ್ಬರ ಮುಂದಿದ್ದ ಪ್ರಶ್ನೆ.

ಟಾರ್ಪಿಡೊವನ್ನು ರೇಡಿಯೊ ಸಂಕೇತದಿಂದ ನಡೆಸಬಹುದು. ಆದರೆ ಶತ್ರುವಿಗೆ ಆ ಫ್ರೀಕ್ವೆನ್ಸಿ ಗೊತ್ತಾದರೆ ಅದೇ ಫ್ರೀಕ್ವೆನ್ಸಿಯಲ್ಲಿ ಗದ್ದಲ ತುಂಬಿಸಿ ಸಂಕೇತ ಕೆಡಿಸುತ್ತಾನೆ. ಹಳೆಯ ರೇಡಿಯೊದಲ್ಲಿ ಒಂದು ಸ್ಟೇಷನ್ ಕೇಳುವಾಗ ಪಕ್ಕದ ಸ್ಟೇಷನ್ ನುಗ್ಗಿ ಕರಕರ ಎನ್ನುತ್ತದಲ್ಲ, ಹಾಗೆ. ಇದಕ್ಕೆ ಉಪಾಯ, ಒಂದೇ ಕಡೆ ನಿಲ್ಲದಿರುವುದು. ಹಡಗಿನಲ್ಲಿರುವ ಕಳಿಸುವ ಯಂತ್ರ, ಟಾರ್ಪಿಡೊ ಒಳಗಿನ ಕೇಳುವ ಯಂತ್ರ ಎರಡೂ ಮೊದಲೇ ಮಾತಾಡಿಕೊಂಡ ಕ್ರಮದಲ್ಲಿ ಒಟ್ಟೊಟ್ಟಿಗೆ ಸ್ಟೇಷನ್ ಬದಲಿಸುತ್ತ ಹೋದರೆ? ಕದ್ದು ಕೇಳುವವನ ಕಿವಿಗೆ ಬೀಳುವುದು ಒಂದು ತುಣುಕು ಮಾತ್ರ. ಅದನ್ನು ಕೆಡಿಸಲು ಅವನು ತಿರುಗುಗುಂಡಿ ತಿರುಗಿಸುವಷ್ಟರಲ್ಲಿ ಸಂಕೇತ ಬೇರೆಡೆ ಹಾರಿರುತ್ತದೆ. ಇದಕ್ಕೆ ಫ್ರೀಕ್ವೆನ್ಸಿ ಹಾಪಿಂಗ್ ಎನ್ನುತ್ತಾರೆ, ಫ್ರೀಕ್ವೆನ್ಸಿಯಿಂದ ಫ್ರೀಕ್ವೆನ್ಸಿಗೆ ಜಿಗಿಯುವುದು.

ಜಿಗಿಯುವ ಯೋಚನೆ ಹೆಡಿಯದು. ಎರಡು ಯಂತ್ರಗಳು ಹೆಜ್ಜೆ ತಪ್ಪದೆ ಒಟ್ಟಿಗೆ ಜಿಗಿಯುವುದು ಹೇಗೆ ಎಂಬುದಕ್ಕೆ ಉತ್ತರ ಆಂಥೈಲ್‌ನದು. ಅವನು 1920ರ ದಶಕದಲ್ಲಿ ಬ್ಯಾಲೆ ಮೆಕಾನಿಕ್ ಎಂಬ ಕೃತಿಯನ್ನು ತಾವಾಗಿಯೇ ನುಡಿಯುವ 16 ಪಿಯಾನೊಗಳಿಗಾಗಿ ಬರೆದಿದ್ದ. ಆ ಪಿಯಾನೊಗಳನ್ನು ನುಡಿಸುವುದು ತೂತು ಕೊರೆದ ಕಾಗದದ ಸುರುಳಿ, ತೂತು ಎಲ್ಲಿದೆಯೋ ಆ ಸ್ವರ ನುಡಿಯುತ್ತದೆ. ಅಷ್ಟು ಪಿಯಾನೊಗಳನ್ನು ಒಟ್ಟಿಗೆ ಓಡಿಸಲಾಗದೆ ಒದ್ದಾಡಿದ ಅನುಭವ ಅವನಿಗಿತ್ತು. ಒಂದೇ ಥರ ತೂತು ಹಾಕಿದ ಎರಡು ಸುರುಳಿಗಳನ್ನು, ಒಂದು ಹಡಗಿನಲ್ಲಿ ಒಂದು ಟಾರ್ಪಿಡೊದಲ್ಲಿ, ಒಂದೇ ವೇಗದಲ್ಲಿ ಓಡಿಸಬೇಕು. ಸ್ವರದ ಬದಲು ಫ್ರೀಕ್ವೆನ್ಸಿ ಬದಲಾಗುತ್ತದೆ. ಪಿಯಾನೊದಲ್ಲಿರುವ ಕೀಗಳಷ್ಟೇ, ಅಂದರೆ 88 ಫ್ರೀಕ್ವೆನ್ಸಿಗಳವರೆಗೆ ಹೀಗೆ ಬಳಸಬಹುದು ಎಂದು ಅವರು ಬರೆದರು. ವಿದ್ಯುತ್ ಭಾಗದ ವಿವರಗಳಿಗೆ ಕ್ಯಾಲ್‌ಟೆಕ್ ಸಂಸ್ಥೆಯ ಪ್ರೊಫೆಸರ್ ಸ್ಯಾಮ್ಯುಯೆಲ್ ಮ್ಯಾಕಿಯೋನ್ ನೆರವಾದರು.

1941ರ ಜೂನ್ 10ರಂದು ಅರ್ಜಿ ಸಲ್ಲಿಸಿದರು. 1942ರ ಆಗಸ್ಟ್ 11ರಂದು ಪೇಟೆಂಟ್ ಸಿಕ್ಕಿತು. ಇದು ಗುಟ್ಟಾಗಿ ಉಳಿದಿತ್ತು, ಯಾರಿಗೂ ಗೊತ್ತೇ ಇರಲಿಲ್ಲ ಎನ್ನುವುದೂ ತಪ್ಪು. ನಟಿಯೊಬ್ಬಳು ರಕ್ಷಣಾ ಉಪಕರಣ ಕಂಡುಹಿಡಿದಳು ಎಂಬ ಪುಟ್ಟ ಸುದ್ದಿ 1941ರ ಅಕ್ಟೋಬರ್‌ನಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಿತ್ತು. ಏನು ಉಪಕರಣ ಎಂಬುದನ್ನು ಮಾತ್ರ ಸರ್ಕಾರ ಬಿಟ್ಟುಕೊಟ್ಟಿರಲಿಲ್ಲ.

ನೌಕಾಪಡೆ ಅದನ್ನು ಬಳಸಲಿಲ್ಲ. ಟಾರ್ಪಿಡೊ ಒಳಗೆ ಇಡೀ ಪಿಯಾನೊ ತುರುಕಲು ಹೊರಟಿದ್ದಾರೆ ಎಂದು ಅಧಿಕಾರಿಗಳು ತಿಳಿದಿರಬೇಕು ಎಂದು ಆಂಥೈಲ್ ಮುಂದೆ ಬೇಸರದಿಂದ ಬರೆದುಕೊಂಡ. ಹೆಣ್ಣು, ಅದರಲ್ಲೂ ನಟಿ ಎಂಬ ಕಾರಣಕ್ಕೆ ತಿರಸ್ಕರಿಸಿದರು ಎಂದು ಫಾರ್ವರ್ಡುಗಳು ಹೇಳುತ್ತವೆ. ಅಂಥ ತಾತ್ಸಾರ ಇದ್ದಿರಲಿಕ್ಕಿಲ್ಲ ಎನ್ನಲು ನಮಗೂ ಮನಸ್ಸಿಲ್ಲ. ಆದರೆ ಆ ಹೊತ್ತಿಗೆ ಅಮೆರಿಕದ ನೌಕಾಪಡೆಗೆ ಬೇರೆಯದೇ ತಲೆನೋವಿತ್ತು. ಅದರ ಮಾರ್ಕ್ 14 ಟಾರ್ಪಿಡೊಗಳು ಇಟ್ಟ ಆಳಕ್ಕಿಂತ ಕೆಳಗೆ ಹೋಗಿ ಶತ್ರು ಹಡಗಿನಡಿ ಸುಮ್ಮನೆ ನುಸುಳುತ್ತಿದ್ದವು, ಹೊಡೆದರೂ ಸಿಡಿಯುತ್ತಿರಲಿಲ್ಲ. ನೆಟ್ಟಗೆ ಹೋಗಿ ಸಿಡಿಯುವ ಟಾರ್ಪಿಡೊವೇ ಇಲ್ಲದವರು ಕಾಗದದ ಸುರುಳಿಯಿಂದ ನಡೆಯುವ ಟಾರ್ಪಿಡೊಗೆ ಕೈಹಾಕುವುದು ಕಷ್ಟವಿತ್ತು.

ಆಕೆಯಿಂದ ಸರ್ಕಾರ ಪಡೆದ ಸೇವೆ ಬೇರೆ. 1942ರಲ್ಲಿ ಊರೂರು ಸುತ್ತಿ ಯುದ್ಧದ ಬಾಂಡ್ ಮಾರಿದಳು, ಹಾಲಿವುಡ್ ಕ್ಯಾಂಟೀನ್‌ನಲ್ಲಿ ಸೈನಿಕರನ್ನು ಸತ್ಕರಿಸಿದಳು. ಅಲ್ಲೂ ಬೇಕಾದದ್ದು ಆ ಮುಖವೇ.

ಎಂಜಿಎಂ ಆಚೆ

1945ರಲ್ಲಿ ಆಕೆ ಎಂಜಿಎಂ ಬಿಟ್ಟಳು. ಪಾತ್ರಗಳನ್ನು ತಾನೇ ಆರಿಸಿಕೊಳ್ಳಲು ನಿರ್ಮಾಣಕ್ಕೆ ಇಳಿದಳು. ನಟಿಯರು ನಿರ್ಮಾಪಕರಾಗುವುದು ಅಂದು ಅಪರೂಪ. 1946ರ ದಿ ಸ್ಟ್ರೇಂಜ್ ವುಮನ್, 1947ರ ಡಿಸ್‌ಆನರ್ಡ್ ಲೇಡಿ ಹೀಗೆ ಬಂದವು. ಅತಿ ದೊಡ್ಡ ಗೆಲುವು 1949ರಲ್ಲಿ, ಸೆಸಿಲ್ ಬಿ. ಡಿಮಿಲ್ ಪ್ಯಾರಾಮೌಂಟ್‌ಗೆ ಮಾಡಿದ ಸ್ಯಾಮ್ಸನ್ ಅಂಡ್ ಡಿಲೈಲಾ. ಬಣ್ಣದ ಚಿತ್ರ, ಬೈಬಲಿನ ಕಥೆ, ಸ್ಯಾಮ್ಸನ್ನನ ಕೂದಲು ಕತ್ತರಿಸುವ ಡಿಲೈಲಾ ಆಕೆ. ಹಣದ ಹೊಳೆಯೇ ಹರಿಯಿತು.

ಅಲ್ಲಿಂದ ಇಳಿಜಾರು. ಇಟಲಿಯಲ್ಲಿ ಕೈಯಿಂದ ಹಣ ಹಾಕಿ ಮಾಡಿದ ಸಿನಿಮಾ ಮುಳುಗಿಸಿತು. 1958ರ ದಿ ಫೀಮೇಲ್ ಅನಿಮಲ್ ಕೊನೆಯ ಚಿತ್ರ, ಆಗ ಆಕೆಗೆ ಇನ್ನೂ 43. ಆರು ಮದುವೆ, ಆರು ವಿಚ್ಛೇದನ. 1966ರಲ್ಲಿ ಅಂಗಡಿ ಕಳವಿನ ಆರೋಪದ ಕೇಸಾಯಿತು, ಅದರಲ್ಲಿ ಬಿಡುಗಡೆಯಾದಳು. ಅದೇ ವರ್ಷ ಆಕೆಯ ಹೆಸರಿನಲ್ಲಿ ಆತ್ಮಕಥೆ ಬಂತು. ಬೇರೆಯವರು ಬರೆದ ಆ ಪುಸ್ತಕದಲ್ಲಿರುವುದು ತನ್ನ ಕಥೆಯಲ್ಲ ಎಂದು ಆಕೆ ಕೋರ್ಟಿಗೆ ಹೋದಳು. ಕೊನೆಯ ವರ್ಷಗಳಲ್ಲಿ ಫ್ಲಾರಿಡಾದಲ್ಲಿ ಯಾರಿಗೂ ಮುಖ ತೋರಿಸದೆ ಫೋನಿನಲ್ಲೇ ಬದುಕಿದಳು, ಸ್ವಂತ ಮಕ್ಕಳೊಡನೆಯೂ ಬಹುಪಾಲು ಫೋನಿನಲ್ಲೇ ಮಾತು.

ಹಾಗಾದರೆ ವೈಫೈ?

ಈಗ ಫಾರ್ವರ್ಡಿನ ವಿಷಯಕ್ಕೆ ಬರೋಣ. ಫ್ರೀಕ್ವೆನ್ಸಿ ಬದಲಿಸಿ ಸಂಕೇತ ಕಾಪಾಡುವ ಯೋಚನೆ ಹೆಡಿಗಿಂತ ಮೊದಲೂ ಇತ್ತು. ನಿಕೋಲಾ ಟೆಸ್ಲಾನ 1903ರ ಪೇಟೆಂಟುಗಳಲ್ಲಿ ಒಂದಕ್ಕಿಂತ ಹೆಚ್ಚು ಫ್ರೀಕ್ವೆನ್ಸಿ ಬಳಸಿ ಅಡ್ಡಿ ತಪ್ಪಿಸುವ ಮಾತಿದೆ. ವಿಲೆಮ್ ಬ್ರೂರ್ಟ್ಯೆಸ್ ಎಂಬುವನಿಗೆ 1932ರಲ್ಲಿ ಇಂಥದ್ದೇ ಅಮೆರಿಕನ್ ಪೇಟೆಂಟ್ ಸಿಕ್ಕಿತ್ತು. ಹೆಡಿ ಮತ್ತು ಆಂಥೈಲ್ ಮಾಡಿದ್ದು ಅದಕ್ಕೊಂದು ಹೊಸ, ಜಾಣ ವಿಧಾನ. ಅದನ್ನು ಪೇಟೆಂಟ್ ಕಚೇರಿಯೂ ಒಪ್ಪಿತು.

ನಿಮ್ಮ ಮೊಬೈಲಿನ ಬ್ಲೂಟೂತ್ ನಿಜಕ್ಕೂ ಜಿಗಿಯುತ್ತದೆ. ಮೂಲ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಬಾರಿ ಜಾಗ ಬದಲಿಸುತ್ತದೆ. ಅದು ಎರಿಕ್ಸನ್ ಕಂಪನಿಯಲ್ಲಿ 1990ರ ದಶಕದಲ್ಲಿ ರೂಪುಗೊಂಡದ್ದು. ವೈಫೈಯ 1997ರ ಮೊದಲ ಮಾನದಂಡದಲ್ಲಿ ಜಿಗಿಯುವ ವಿಧಾನ ಒಂದು ಆಯ್ಕೆಯಾಗಿತ್ತು, ಆದರೆ 1999ರಿಂದ ಜನಪ್ರಿಯವಾದ ವೈಫೈ ಬೇರೆ ವಿಧಾನ ಹಿಡಿಯಿತು. ಇವತ್ತು ನಿಮ್ಮ ಮನೆಯ ರೂಟರ್ ಹೀಗೆ ಜಿಗಿಯುವುದಿಲ್ಲ. ಜಿಪಿಎಸ್ ಕೂಡ ಜಿಗಿಯುವುದಿಲ್ಲ, ಸಂಕೇತವನ್ನು ಒಂದು ಕೋಡಿನಿಂದ ಅಗಲವಾಗಿ ಹರಡುತ್ತದೆ. ಎಲ್ಲವೂ ಸ್ಪ್ರೆಡ್ ಸ್ಪೆಕ್ಟ್ರಮ್ ಎಂಬ ಒಂದೇ ದೊಡ್ಡ ಮನೆತನಕ್ಕೆ ಸೇರಿದವು, ನಿಜ. ಆದರೆ ದೊಡ್ಡಪ್ಪನ ಮಗನನ್ನು ಮಗ ಎನ್ನಲಾಗುವುದಿಲ್ಲ. ಈ ಎಂಜಿನಿಯರುಗಳು ಹೆಡಿಯ ಪೇಟೆಂಟ್ ಓದಿ ಕೆಲಸ ಶುರು ಮಾಡಿದರು ಎನ್ನಲು ಪುರಾವೆಯೂ ಇಲ್ಲ.

ಕೋಟ್ಯಂತರ ಡಾಲರ್ ವಂಚಿಸಿದರು ಎಂಬ ಮಾತಿಗೂ ಬುಡವಿಲ್ಲ. ಅಂದಿನ ಕಾನೂನಿನ ಪ್ರಕಾರ ಪೇಟೆಂಟಿನ ಆಯುಷ್ಯ 17 ವರ್ಷ. 1959ರಲ್ಲಿ ಅದು ಮುಗಿಯಿತು. ಅದೇ ವರ್ಷ ಆಂಥೈಲ್ ಕೂಡ ತೀರಿಕೊಂಡ. ಸಾಮಾನ್ಯ ಜನರ ಉಪಕರಣಗಳಲ್ಲಿ ಇಂಥ ತಂತ್ರ ಬಳಸಲು ಅಮೆರಿಕ ಅನುಮತಿ ಕೊಟ್ಟದ್ದೇ 1985ರಲ್ಲಿ. ಇಬ್ಬರಿಗೂ ಅದರಿಂದ ಒಂದು ಡಾಲರ್ ಬರಲಿಲ್ಲ ಎಂಬುದು ಮಾತ್ರ ದಿಟ.

ನಮಗೆ ಈ ಫಾರ್ವರ್ಡ್ ಇಷ್ಟವಾಗದಿರುವುದು ಅದು ಆಕೆಯನ್ನು ಹೊಗಳುತ್ತದೆ ಎಂಬ ಕಾರಣಕ್ಕಲ್ಲ. ಎಂಜಿಎಂ ಮಾಡಿದ್ದನ್ನೇ ಅದೂ ಮಾಡುತ್ತದೆ: ಮುಖದ ಫೋಟೋ ಹಾಕಿ ಕೆಳಗೆ ಒಂದು ದೊಡ್ಡ ಬಿರುದು. ದಿನವಿಡೀ ಸೆಟ್ಟಿನಲ್ಲಿ ನಿಂತು ಬಂದು, ಸಂಜೆ ಮೇಜಿನ ಮುಂದೆ ಕೂತು, ತನಗೆ ಗೊತ್ತಿಲ್ಲದ್ದನ್ನು ಬಲ್ಲವರ ಹತ್ತಿರ ಕೇಳಿ, ಒಬ್ಬ ಪಿಯಾನೊದವನ ಜೊತೆ ಸೇರಿ ಕೆಲಸ ಮುಗಿಸಿದ 26 ವರ್ಷದ ಹೆಣ್ಣು ಆ ಬಿರುದಿನಡಿ ಕಾಣುವುದೇ ಇಲ್ಲ.

ಮನ್ನಣೆ ತಡವಾಗಿ ಬಂತು. 1997ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಇಬ್ಬರಿಗೂ ಪಯೋನೀರ್ ಪ್ರಶಸ್ತಿ ಕೊಟ್ಟಿತು. ಆಕೆ ಹೋಗಲಿಲ್ಲ, ಮಗ ಸ್ವೀಕರಿಸಿದ. 2000ದ ಜನವರಿ 19ರಂದು, 85ನೇ ವಯಸ್ಸಿನಲ್ಲಿ ಆಕೆ ಫ್ಲಾರಿಡಾದಲ್ಲಿ ತೀರಿಕೊಂಡಳು. 2014ರಲ್ಲಿ ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್ ಪಟ್ಟಿಗೆ ಹೆಡಿ, ಆಂಥೈಲ್ ಇಬ್ಬರ ಹೆಸರೂ ಸೇರಿತು.

ಆ ಪೇಟೆಂಟ್ ಈಗ ಯಾರು ಬೇಕಾದರೂ ನೋಡಬಹುದು. ಅಮೆರಿಕನ್ ಪೇಟೆಂಟ್ ಸಂಖ್ಯೆ 2,292,387 ಎಂದು ನಿಮ್ಮ ಮೊಬೈಲಿನಲ್ಲೇ ಹುಡುಕಿ. ಸುರುಳಿ, ತೂತು, ಟಾರ್ಪಿಡೊಗಳ ಚಿತ್ರಗಳೆಲ್ಲ ಅದರಲ್ಲಿವೆ. ಲಮಾರ್ ಎಂಬ ಹೆಸರು ಮಾತ್ರ ಎಲ್ಲೂ ಸಿಗುವುದಿಲ್ಲ. ಸ್ಟುಡಿಯೊ ಕೊಟ್ಟ ಹೆಸರನ್ನು ಆಕೆ ಅಲ್ಲಿ ಬಳಸಿಲ್ಲ. ಅಪ್ಪನ ಮನೆಯ ಹೆಸರು, ಪೇಟೆಂಟ್ ಕೈಗೆ ಬರುವ ಹೊತ್ತಿಗೆ ಮುರಿದುಹೋಗಿದ್ದ ಎರಡನೇ ಮದುವೆಯ ಹೆಸರು ಎರಡೂ ಸೇರಿ, ಹೆಡಿ ಕೀಸ್ಲರ್ ಮಾರ್ಕಿ ಎಂದಿದೆ. ಪಕ್ಕದಲ್ಲೇ ಜಾರ್ಜ್ ಆಂಥೈಲ್.